ಸುಣ್ಣದ ತಿಳಿಯೂ ಚಾಪೆಲಿನ ಗೋಡೆಯೂ

ಮಂಗಳೂರಿನ ಅಲೋಶಿಯಸ್ ಕಾಲೇಜಿಗೆ ಸೇರಿ ವರ್ಷ ಕಳೆದರೂ ನಾನು ಅಲ್ಲಿನ ಚಾಪೆಲಿನೊಳಗೆ, ಅಂದರೆ ಕ್ರೈಸ್ತ ಪ್ರಾರ್ಥನಾಮಂದಿರದೊಳಗೆ, ಕಾಲಿಟ್ಟಿರಲಿಲ್ಲ. ಹಳ್ಳಿಯಿಂದ ಬಂದವನಿಗೆ ಒಂದು ಸಂಕೋಚ, ನಮ್ಮಂಥವರು ಹೋಗಬಹುದೋ ಇಲ್ಲವೋ ಎಂದು. ಒಂದು ಮಳೆಗಾಲದ ಮಧ್ಯಾಹ್ನ ಬಾಗಿಲ ಬಳಿ ನಿಂತಿದ್ದಾಗ ನಮ್ಮ ಕೆಮಿಸ್ಟ್ರಿ ಸರ್ ಕಂಡರು. "ಹೊರಗೆ ಯಾಕೆ ನೆನೆಯುತ್ತೀ ಮಾರಾಯ, ಒಳಗೆ ಬಾ" ಎಂದು ಕರೆದೊಯ್ದರು.

ತಲೆ ಎತ್ತಿದವನು ತುಂಬ ಹೊತ್ತು ಇಳಿಸಲಿಲ್ಲ. ಚಾವಣಿ, ಗೋಡೆ, ಎಲ್ಲೆಲ್ಲೂ ಚಿತ್ರ.

ಕಾಲೇಜು ಶುರುವಾದದ್ದು 1880ರಲ್ಲಿ. ಚಿತ್ರಗಳು ಬಂದದ್ದು ಆಮೇಲೆ. ಇಟಲಿಯ ಬೆರ್ಗಮೊ ಕಡೆಯ ಆಂತೋನಿಯೊ ಮೊಸ್ಕೆನಿ ಆಗಲೇ ಹೆಸರು ಮಾಡಿದ್ದ ಕಲಾವಿದ. 1889ರಲ್ಲಿ ಎಲ್ಲ ಬಿಟ್ಟು ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘ ಸೇರಿ ಬ್ರದರ್ ಆದರು, ಸುಮಾರು ಹತ್ತು ವರ್ಷದ ನಂತರ ಮಂಗಳೂರಿಗೆ ಬಂದು ಈ ಕೆಲಸ ಹಿಡಿದರು. ಚಾವಣಿಯವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಗೋಡೆಯವು ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಬಿಡಿಸಿದವು.

ಸರ್ ನಿಂತದ್ದು ಗೋಡೆಯ ಮುಂದೆ. "ಲ್ಯಾಬಿನಲ್ಲಿ ಸುಣ್ಣದ ತಿಳಿನೀರಿಗೆ ಊದಿದಿರಲ್ಲ, ಹಾಲಿನ ಹಾಗೆ ಬೆಳ್ಳಗಾಯಿತಲ್ಲ? ಇಲ್ಲಿ ಆದದ್ದೂ ಅದೇ." ಗಾರೆ ಹಸಿಯಿರುವಾಗಲೇ ನೀರಲ್ಲಿ ಕಲಸಿದ ಬಣ್ಣ ಬಳಿಯಬೇಕು. ಒಣಗುತ್ತಾ ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಉಳಿಯುತ್ತದೆ. ಅಂಟು ಬೇಡ, ಎಣ್ಣೆ ಬೇಡ. ಆದರೆ ಒಂದು ದಿನಕ್ಕೆ ಮುಗಿಸಬಹುದಾದಷ್ಟೇ ಗಾರೆ ಮೆತ್ತಬೇಕು. ತಪ್ಪಿದರೆ ಅಷ್ಟು ಭಾಗ ಕೆತ್ತಿ ತೆಗೆದು ಮತ್ತೆ ಮೊದಲಿಂದ. ಅದುವರೆಗೆ ನನಗೆ ಪರೀಕ್ಷೆಯ ಸಮೀಕರಣವಾಗಿದ್ದದ್ದು ಆವತ್ತು ಕಣ್ಣೆದುರು ಗೋಡೆಯಾಗಿ ನಿಂತಿತ್ತು.

ಇದನ್ನು ರೋಮಿನ ಸಿಸ್ಟೀನ್ ಚಾಪೆಲಿಗೆ ಹೋಲಿಸುವವರಿದ್ದಾರೆ. ನನಗೆ ಆ ಹೋಲಿಕೆ ಬೇಕೆನಿಸುವುದಿಲ್ಲ. ಅಲ್ಲಿ ಚಾವಣಿಯೇ ಫ್ರೆಸ್ಕೊ, ಕಾಲ 1508ರಿಂದ 1512. ಇಲ್ಲಿಯ ಕಥೆ ಬೇರೆ. ಚಾವಣಿಯಲ್ಲಿರುವುದು ಅಲೋಶಿಯಸ್ ಗೊನ್ಜಾಗನ ಬದುಕು. ಅರಸುಮನೆತನದ ಹಿರಿಮಗ, ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟವನು. 1591ರಲ್ಲಿ ರೋಮಿನಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಾ ತಾನೂ ಕಾಯಿಲೆ ಬಿದ್ದು ತೀರಿಕೊಂಡ. ಆಗ ಅವನಿಗೆ 23. ನನಗಾಗ 18. ಪ್ರತಿದಿನ ಬಾಯಲ್ಲಿ ಹೇಳುತ್ತಿದ್ದ ಕಾಲೇಜಿನ ಹೆಸರು ನನ್ನ ಅಣ್ಣನ ವಯಸ್ಸಿನ ಒಬ್ಬ ಹುಡುಗನದೆಂದು ಹೊಳೆದದ್ದೇ ಅಲ್ಲಿ.

ಆಮೇಲೆ ಪದವಿ ಮುಗಿಯುವವರೆಗೂ ಆಗಾಗ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಕರಾವಳಿಯ ತೇವ, ಉಪ್ಪುಗಾಳಿಯಲ್ಲಿ ಚಿತ್ರ ಉಳಿಸುವುದು ಸುಲಭವಲ್ಲ. 1991ರಿಂದ 94ರವರೆಗೆ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ತಜ್ಞರು ಕೂತು ಇವನ್ನು ಸರಿಪಡಿಸಿದರು. ಮೊಸ್ಕೆನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, 51ರ ವಯಸ್ಸಿನಲ್ಲಿ, ಊರಿಗೆ ಮರಳದೆ.

ಕಳೆದ ಸಲ ಮಂಗಳೂರಿಗೆ ಬಂದಾಗ ಮಗಳನ್ನು ಕರೆದುಕೊಂಡು ಹೋದೆ. ಅವಳು ಮೇಲೆ ನೋಡುತ್ತಿದ್ದಳು. ನಾನು ಗೋಡೆಗೆ ಹತ್ತಿರವಾಗಿ ನಿಂತು, ಒಂದು ದಿನದ ಗಾರೆ ಮುಗಿದು ಮರುದಿನದ್ದು ಶುರುವಾದ ಸಂದು ಎಲ್ಲಾದರೂ ಕಾಣುತ್ತದೆಯೇ ಎಂದು ಹುಡುಕುತ್ತಿದ್ದೆ.