ಶೇಕರ್ ಸ್ಕೂಪಿನ ಎರಡು ಸೀಲ್‌ಗಳು

ಡೆಟ್ರಾಯಿಟ್ ಸುತ್ತಮುತ್ತ ಹಳೆಯ ಕಾರುಗಳನ್ನು ದುರಸ್ತಿ ಮಾಡುವ ಗ್ಯಾರೇಜುಗಳಲ್ಲಿ ಜುಲೈ ತಿಂಗಳೆಂದರೆ ಮದುವೆ ಮನೆಯ ಅಡುಗೆಯವರ ಪಾಡು. ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ನಡೆಯುವ ಡ್ರೀಮ್ ಕ್ರೂಸ್ ಎಂಬ ಹಳೆಯ ಕಾರುಗಳ ಮೆರವಣಿಗೆಗೆ ಎಲ್ಲರ ಕಾರೂ ಹೊಳೆಯಬೇಕು, ಗುಡುಗಬೇಕು. ಈ ಹೊತ್ತಿನಲ್ಲೇ ನಮ್ಮಲ್ಲಿಗೆ ಬಂದದ್ದು 1976ರ ಪಾಂಟಿಯಾಕ್ ಟ್ರಾನ್ಸ್ ಆ್ಯಮ್. 400 ಘನ ಅಂಗುಲದ, ಅಂದರೆ 6.6 ಲೀಟರಿನ ವಿ8 ಎಂಜಿನ್. ಬಾನೆಟ್ಟಿನ ನಡುವೆ ಎದ್ದು ನಿಂತ ಶೇಕರ್ ಸ್ಕೂಪ್, ಅಂದರೆ ಎಂಜಿನ್ನಿಗೆ ಹೊರಗಿನ ಗಾಳಿ ಸೆಳೆಯುವ ಗೂಡು. ಮಾಲೀಕರ ದೂರು ಇಷ್ಟೇ: ಹೊಸದಾಗಿ ಕೂರಿಸಿದ ಸ್ಕೂಪಿನ ಮೂಲೆ ಬಿರುಕು ಬಿಟ್ಟಿದೆ, ಮಳೆ ಬಂದರೆ ನೀರು ಎಂಜಿನ್ ಮೇಲೆ ಸುರಿಯುತ್ತದೆ.

ಶೇಕರ್ ಕಂಡಿರದವರಿಗೆ ಒಂದು ಮಾತು. ಸಾಮಾನ್ಯ ಸ್ಕೂಪನ್ನು ಬಾನೆಟ್ಟಿಗೆ ಬಿಗಿಯುತ್ತಾರೆ. ಶೇಕರ್ ಹಾಗಲ್ಲ. ಅದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಮೇಲಿನ, ಗಾಳಿ ಸೋಸುವ ಏರ್ ಕ್ಲೀನರಿಗೆ ಕೂರುತ್ತದೆ, ಬಾನೆಟ್ಟಿನಲ್ಲಿ ಕೊರೆದ ಕಿಂಡಿಯಿಂದ ತಲೆ ಹೊರಹಾಕುತ್ತದೆ. ಎಂಜಿನ್ ಅಲುಗಿದಾಗ ಅದೂ ಅಲುಗುತ್ತದೆ. ಟ್ರಾನ್ಸ್ ಆ್ಯಮ್‌ನಲ್ಲಿ ಅದರ ಬಾಯಿ ಹಿಂದಕ್ಕೆ, ಚಾಲಕರ ಮುಂದಿನ ಗಾಜಿನ ಕಡೆಗಿದೆ. ಕಾರು ಓಡುವಾಗ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿರುತ್ತದೆ, ಅಲ್ಲಿಂದ ತಂಪು ಗಾಳಿ ಎಳೆದುಕೊಳ್ಳಲಿ ಎಂಬ ಲೆಕ್ಕ. ಆದರೆ 1973ರಿಂದ ಶಬ್ದ ನಿಯಮಗಳ ಕಾರಣಕ್ಕೆ ಕಾರ್ಖಾನೆಯಲ್ಲೇ ಆ ಬಾಯಿಯನ್ನು ಮುಚ್ಚಿ ಕಳುಹಿಸುತ್ತಿದ್ದರು. ಹಾಗಾಗಿ ಈ ಕಾರಿನ ಸ್ಕೂಪ್ ಹುಟ್ಟಿನಿಂದ ಬರೀ ಅಲಂಕಾರ. ಮಾಲೀಕರು ಹೊಸ ಫೈಬರ್ ಗ್ಲಾಸ್ ಸ್ಕೂಪ್ ತರಿಸಿ, ಬಾಯಿ ತೆರೆಸಿ, ಬೇರೊಂದು ಗ್ಯಾರೇಜಿನಲ್ಲಿ ಕೂರಿಸಿಕೊಂಡಿದ್ದರು.

ಬಾನೆಟ್ ಎತ್ತಲು ಹೋದರೆ ಅದು ಸ್ಕೂಪನ್ನು ಹಿಡಿದುಕೊಂಡೇ ಮೇಲೇಳಲು ನೋಡಿತು. ಕಿಂಡಿಯ ಅಂಚಿಗೂ ಸ್ಕೂಪಿಗೂ ನಡುವೆ ಯಾರೋ ಧಾರಾಳವಾಗಿ ಸಿಲಿಕೋನ್ ತುಂಬಿದ್ದರು. ಮೇಲಿನಿಂದ ನೋಡಿದರೆ ನುಣುಪಾದ ಕಪ್ಪು ಗೆರೆ. ಹೊರಗೆ ಥಳುಕು, ಒಳಗೆ ಹುಳುಕು ಎಂಬ ಮಾತು ಇಂಥ ಕೆಲಸಕ್ಕೇ ಹುಟ್ಟಿರಬೇಕು. ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಬಾನೆಟ್ಟಿಗೆ ಅಂಟಿದ ಫೈಬರ್ ಗ್ಲಾಸ್ ಬಿರುಕು ಬಿಡದೆ ಇನ್ನೇನು ಮಾಡೀತು? ಎಲ್ಲಿ ಸಿಲಿಕೋನ್ ಕಿತ್ತುಬಂದಿತ್ತೋ ಅಲ್ಲಿಂದ ನೀರು ಇಳಿಯುತ್ತಿತ್ತು. ಜೊತೆಗೆ ಸಿಲಿಕೋನ್ ಸೋಕಿದ ಜಾಗದಲ್ಲಿ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಸಣ್ಣ ಸಣ್ಣ ಗುಳಿಗಳೇಳುತ್ತವೆ. ಅಂಚನ್ನು ಕೆರೆದು, ದ್ರಾವಕದಲ್ಲಿ ಮತ್ತೆ ಮತ್ತೆ ಒರೆಸಿ ಶುದ್ಧ ಮಾಡುವುದೇ ದೊಡ್ಡ ಕೆಲಸವಾಯಿತು.

ಈ ಸ್ಕೂಪಿಗೆ ಬೇಕಾದ ಸೀಲ್‌ಗಳು ಎರಡು, ಅವುಗಳ ಸ್ವಭಾವ ತದ್ವಿರುದ್ಧ. ಏರ್ ಕ್ಲೀನರಿಗೂ ಸ್ಕೂಪಿಗೂ ನಡುವಿನದು ಚೆನ್ನಾಗಿ ಅದುಮಿ ಕೂರಬೇಕು, ಏಕೆಂದರೆ ಆ ಎರಡೂ ಒಟ್ಟಿಗೆ ಅಲುಗುತ್ತವೆ. ತಂಪು ಗಾಳಿ ಉಳಿಯುವುದೂ ಸೋರುವುದೂ ಅಲ್ಲೇ ತೀರ್ಮಾನವಾಗುತ್ತದೆ. ಸ್ಕೂಪಿಗೂ ಬಾನೆಟ್ಟಿಗೂ ನಡುವಿನದು ಮೃದುವಾದ ರಬ್ಬರ್ ತುಟಿಯಾಗಿ ಬರೀ ಸೋಕಿಕೊಂಡಿರಬೇಕು. ಅದರ ಕೆಲಸ ಬಿಸಿಗಾಳಿಯನ್ನೂ ಮಳೆಯನ್ನೂ ತಡೆಯುವುದು, ಆದರೆ ಎಂಜಿನ್ನಿನ ಓಲಾಟಕ್ಕೆ ಅಡ್ಡ ಬರಬಾರದು.

ಆದರೂ ಸೀಲಿಗೆ ಕೈ ಹಾಕುವುದು ಕಟ್ಟಕಡೆಗೆ. ನಾನು ಮೊದಲು ನೋಡುವುದು ಎಂಜಿನ್ ಮೌಂಟ್‌ಗಳನ್ನು, ಅಂದರೆ ಎಂಜಿನ್ನನ್ನು ಹೊತ್ತು ನಿಲ್ಲಿಸುವ ರಬ್ಬರ್ ಆಸರೆಗಳನ್ನು. ಹಳೆಯ ರಬ್ಬರ್ ಕುಸಿದಿದ್ದರೆ ಎಂಜಿನ್ ಒಂದು ಪಕ್ಕಕ್ಕೆ ವಾಲುತ್ತದೆ, ಸ್ಕೂಪ್ ಕಿಂಡಿಯ ನಡುವೆ ನಿಲ್ಲುವುದೇ ಇಲ್ಲ. ಈ ಕಾಲದ ವಿ8ಗಳಲ್ಲಿ ವೇಗ ತುಳಿದರೆ ಎಂಜಿನ್ನಿನ ಎಡಪಕ್ಕ ಮೇಲೇಳುತ್ತದೆ. ಅಸಡ್ಡೆ ಮಾಡುವ ವಿಷಯವಲ್ಲ ಇದು: ಮೌಂಟ್ ಕಡಿದು, ಎಂಜಿನ್ನಿನ ವೇಗ ಹಿಡಿತದಲ್ಲಿಡುವ ಥ್ರಾಟಲ್ ತೆರೆದಂತೆಯೇ ಸಿಕ್ಕಿಕೊಳ್ಳುವ ಭಯದಿಂದ ಜನರಲ್ ಮೋಟಾರ್ಸ್ 1971ರಲ್ಲಿ 60 ಲಕ್ಷಕ್ಕೂ ಹೆಚ್ಚು ಷೆವ್ರೊಲೆ ವಾಹನಗಳನ್ನು ವಾಪಸ್ ಕರೆಸಿಕೊಂಡಿತ್ತು. ಈ ಟ್ರಾನ್ಸ್ ಆ್ಯಮ್‌ನ ಎಡ ಮೌಂಟ್ ಎಣ್ಣೆ ಕುಡಿದು ಮೆತ್ತಗಾಗಿತ್ತು. ಎರಡನ್ನೂ ಬದಲಿಸಿದ ಮೇಲೆ ಸ್ಕೂಪ್ ತಾನಾಗಿ ಬಹುಪಾಲು ನಡುವಿಗೆ ಬಂತು. ಆಮೇಲೆ ಬಾನೆಟ್ಟಿನ ಸರದಿ: ಹಿಂಜುಗಳು, ಲಾಕ್, ಮೂಲೆಯ ರಬ್ಬರ್ ಗುಂಡಿಗಳು. ಬಾನೆಟ್ ಸರಿಯಾಗಿ ಕೂರುವ ತನಕ ಕಿಂಡಿ ಎಲ್ಲಿದೆ ಎಂಬುದೇ ಗೊತ್ತಾಗುವುದಿಲ್ಲ.

ಸಂದು ಅಳೆಯಲು ದುಬಾರಿ ಸಾಧನ ಬೇಕಿಲ್ಲ. ಮಕ್ಕಳು ಆಡುವ ಮೆತ್ತನೆಯ ಜೇಡಿಯನ್ನು ಸಣ್ಣ ಉಂಡೆ ಮಾಡಿ ಸ್ಕೂಪಿನ ಸುತ್ತ ಅಂಟಿಸಿ ಬಾನೆಟ್ ಮುಚ್ಚುತ್ತೇನೆ. ಸಹೋದ್ಯೋಗಿ ಒಳಗೆ ಕೂತು, ಚಕ್ರಗಳಿಗೆ ಅಡ್ಡಿ ಕೊಟ್ಟು, ಬ್ರೇಕ್ ಗಟ್ಟಿಯಾಗಿ ಒತ್ತಿ, ಗೇರಿನಲ್ಲಿ ಕ್ಷಣಮಾತ್ರ ಆಕ್ಸಿಲರೇಟರ್ ತುಳಿಯುತ್ತಾರೆ. ಆಗ ಕಾರಿನ ಎದುರಿಗೆ ಯಾರೂ ನಿಲ್ಲಕೂಡದು. ಬಾನೆಟ್ ತೆರೆದು ನೋಡಿದರೆ ಉಂಡೆಗಳೇ ಕಥೆ ಹೇಳುತ್ತವೆ: ಎಡಗಡೆಯ ಹಿಂದಿನ ಮೂಲೆಯ ಉಂಡೆ ಬಿಲ್ಲೆಯಷ್ಟು ತೆಳ್ಳಗೆ, ಬಲಗಡೆಯದು ಇನ್ನೂ ದಪ್ಪಗೆ. ನಿಂತ ಎಂಜಿನ್ನಿಗೆ ನಾಲ್ಕೂ ಕಡೆ ಸಮವಾಗಿ ಕಂಡ ಸಂದು ದುಡಿಯುವ ಎಂಜಿನ್ನಿಗೆ ಸಮವಲ್ಲ. ಬಾನೆಟ್ ಕಮಾನಿನಂತೆ ಇಳಿಯುವುದರಿಂದ ಕಿಂಡಿಯ ಮುಂದಿನ ಅಂಚಿಗೂ ಕೊಂಚ ಹೆಚ್ಚು ಜಾಗ ಬೇಕು.

ಏರ್ ಕ್ಲೀನರ್ ಸೀಲಿಗೆ ರಂಧ್ರಗಳು ತೆರೆದಿರುವ ಸಾಧಾರಣ ಸ್ಪಂಜು ಬೇಡ, ಅದು ನೀರು ಹೀರಿ ತುಕ್ಕು ಹಿಡಿಸುತ್ತದೆ. ಹೊರಗಿನ ಬಾಗಿಲುಗಳಿಗೆ ಬಳಸುವ ಇಪಿಡಿಎಂ ರಬ್ಬರ್ ಮಳೆ ಬಿಸಿಲಿಗೆ ಜಗ್ಗದು, ಆದರೆ ಪೆಟ್ರೋಲ್, ಎಣ್ಣೆ ತಾಗಿದರೆ ಉಬ್ಬುತ್ತದೆ. ಕಾರ್ಬ್ಯುರೇಟರ್ ಪಕ್ಕಕ್ಕೆ ನಾನು ಮುಚ್ಚಿದ ರಂಧ್ರಗಳ ನಿಯೋಪ್ರಿನ್ ಫೋಮನ್ನೇ ಹಾಕುವುದು. ಕೂರಿಸಿದ ಮೇಲೆ ಒಳಗೊಂದು ಸಣ್ಣ ಎಲ್‌ಇಡಿ ದೀಪವಿಟ್ಟು ಸ್ಕೂಪಿನ ಬಾಯಿಗೆ ಬಟ್ಟೆ ತುರುಕಿ, ಗ್ಯಾರೇಜಿನ ದೀಪ ಆರಿಸುತ್ತೇನೆ. ಎಲ್ಲಿ ಬೆಳಕು ಸೋರುತ್ತದೆಯೋ ಅಲ್ಲಿ ಬಿಸಿಗಾಳಿ ನುಗ್ಗುತ್ತದೆ.

ಇಷ್ಟೆಲ್ಲ ಮಾಡಿದರೆ ಎಷ್ಟು ಶಕ್ತಿ ಹೆಚ್ಚುತ್ತದೆ ಎಂದು ಮಾಲೀಕರು ಕೇಳಿಯೇ ಕೇಳುತ್ತಾರೆ. ಗಾಳಿ ರಭಸದಿಂದ ಒಳನುಗ್ಗಿ ಎಂಜಿನ್ ತುಂಬುತ್ತದೆ ಎಂಬುದು ಜಾಹೀರಾತಿನ ಮಾತು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ ವಾತಾವರಣದ ಒತ್ತಡದ ಶೇ 0.5 ಕೂಡ ಆಗುವುದಿಲ್ಲ. ನಿಜವಾದ ಲಾಭ ತಂಪಿನದು: ಗಾಳಿ 3 ಡಿಗ್ರಿ ಸೆಲ್ಸಿಯಸ್ ತಂಪಾದರೆ ಸುಮಾರು ಶೇ 1ರಷ್ಟು ದಟ್ಟವಾಗುತ್ತದೆ. ಬಾನೆಟ್ ಅಡಿಯ ಕುದಿಯುವ ಗಾಳಿಗಿಂತ 30 ಡಿಗ್ರಿ ತಂಪು ಸಿಕ್ಕರೆ ಶೇ 10. ಅಷ್ಟೂ ಶಕ್ತಿಯಾಗಿ ಚಕ್ರಕ್ಕೆ ಬರುವುದಿಲ್ಲವೆನ್ನಿ. ಆದರೂ ಕಾರ್ಖಾನೆಯ ಲೆಕ್ಕದಲ್ಲೇ 185 ಅಶ್ವಶಕ್ತಿಗೆ ಇಳಿದಿದ್ದ ಈ ಎಂಜಿನ್ನಿಗೆ ಸಿಕ್ಕಿದ್ದೇ ಲಾಭ. ಸೀಲ್ ಸೋರಿದರೆ ಅದೂ ಇಲ್ಲ.

ಒಪ್ಪಿಸುವಾಗ ಇನ್ನೊಂದು ವಿಷಯ ಹೇಳಿದೆ. ಮಿಷಿಗನ್ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಈ ಕಾರುಗಳು ತಿಂಗಳುಗಟ್ಟಲೆ ಶೆಡ್ಡಿನಲ್ಲೇ ಇರುತ್ತವೆ. ತೆರೆದ ಸ್ಕೂಪ್ ಇಲಿಗಳಿಗೆ ಏರ್ ಕ್ಲೀನರಿನ ಹೆಬ್ಬಾಗಿಲು. ಬಾಯಿಗೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಹಾಕಿಕೊಟ್ಟೆವು. ಅದಕ್ಕೆ ಬೇರೆ ಬಿಲ್ ಮಾಡಬೇಕೇ ಎಂದು ಮಾಲೀಕರು ಸ್ವಲ್ಪ ಚೌಕಾಸಿ ಮಾಡಿದರು.