ಕಚೇರಿಯ ವೈಫೈ ನಿಂತಿರುವುದು ಕೇಬಲ್‌ನ ಮೇಲೆ

ಕಚೇರಿಯಲ್ಲಿ ವೈಫೈ ನಿಧಾನವಾಯಿತೆಂದರೆ ಎಲ್ಲರೂ ಮೊದಲು ದೂರುವುದು ವೈಫೈ ಸಂಕೇತವನ್ನು ಹೊರಡಿಸುವ ಪೆಟ್ಟಿಗೆಯಾದ ಆಕ್ಸೆಸ್ ಪಾಯಿಂಟನ್ನು. ಹಳೆಯದನ್ನು ಕಳಚಿ, ಹೆಚ್ಚು ಬೆಲೆಯ ಹೊಸದೊಂದನ್ನು ಅದೇ ಜಾಗದಲ್ಲಿ ಕೂರಿಸುತ್ತಾರೆ. ಕೆಲವೇ ದಿನಗಳಲ್ಲಿ ಅದೇ ದೂರು ಮತ್ತೆ ಕೇಳಿಬರುತ್ತದೆ. ಈ ಕೆಲಸವನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನ ದೃಢವಾದ ಅಭಿಪ್ರಾಯವೆಂದರೆ, ವ್ಯಾಪಾರ ಸಂಸ್ಥೆಯೊಂದರ ನಿಸ್ತಂತು ಜಾಲದ ಗುಣಮಟ್ಟವು ಬಹುಪಾಲು ನಿರ್ಧಾರವಾಗುವುದು ಫಾಲ್ಸ್ ಸೀಲಿಂಗಿನ ಮೇಲೆ ಯಾರ ಕಣ್ಣಿಗೂ ಬೀಳದೆ ಹಾದುಹೋಗಿರುವ ತಾಮ್ರದ ಕೇಬಲ್‌ನಲ್ಲಿ ಮತ್ತು ಅದನ್ನು ಎಳೆದು ಜೋಡಿಸಿದವರ ಎಚ್ಚರದಲ್ಲಿ.

ನಿಸ್ತಂತು ಎನ್ನುವುದು ಫೋನಿನಿಂದ ಆಕ್ಸೆಸ್ ಪಾಯಿಂಟ್‌ವರೆಗಿನ ಕೆಲವು ಮೀಟರುಗಳಿಗೆ ಮಾತ್ರ ಸಲ್ಲುವ ಮಾತು. ಅಲ್ಲಿಂದ ಮುಂದೆ, ಜಾಲದ ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ ಎಂಬ ಸಾಧನದವರೆಗೆ ದತ್ತಾಂಶವೂ ಕೇಬಲ್‌ನಲ್ಲೇ ಸಾಗಬೇಕು, ಆಕ್ಸೆಸ್ ಪಾಯಿಂಟ್‌ಗೆ ಬೇಕಾದ ವಿದ್ಯುತ್ತೂ ಸಾಮಾನ್ಯವಾಗಿ ಅದೇ ಕೇಬಲ್‌ನಲ್ಲಿ ಬರಬೇಕು. ಪವರ್ ಓವರ್ ಈಥರ್‌ನೆಟ್ ಎಂಬ ಈ ವ್ಯವಸ್ಥೆಯ 2003ರ ಮಾನದಂಡವು ಸ್ವಿಚ್‌ನ ಒಂದು ಪೋರ್ಟಿನಿಂದ 15.4 ವ್ಯಾಟ್ ಕೊಡುತ್ತಿತ್ತು. 2009ರಲ್ಲಿ ಅದು 30 ವ್ಯಾಟ್ ಆಯಿತು, 2018ರಲ್ಲಿ 90 ವ್ಯಾಟ್‌ವರೆಗೆ ಏರಿತು. ಕೇಬಲ್‌ನ ಮೇಲಿನ ಹೊರೆ ಹೀಗೆ ಹೆಚ್ಚುತ್ತ ಬಂದಿರುವಾಗ, ಅದರ ಒಳಗಿನ ಲೋಹ ಯಾವುದೆಂಬ ಪ್ರಶ್ನೆಯನ್ನು ಯಾರೂ ಹಗುರವಾಗಿ ಕಾಣಬಾರದು.

ಅಗ್ಗವಾಗಿ ಸಿಗುವ ಎಷ್ಟೋ ಕೇಬಲ್‌ಗಳಲ್ಲಿರುವುದು ತಾಮ್ರದ ತೆಳು ಲೇಪವುಳ್ಳ ಅಲ್ಯೂಮಿನಿಯಂ. ಅದರ ವಿದ್ಯುತ್ ರೋಧ ಶುದ್ಧ ತಾಮ್ರದ ಸುಮಾರು ಒಂದೂವರೆ ಪಟ್ಟು ಇರುವುದರಿಂದ ಕೇಬಲ್ ಬೇಗ ಬಿಸಿಯಾಗುತ್ತದೆ ಮತ್ತು ದೂರದ ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಅಳವಡಿಸಿದ ದಿನ ಎಲ್ಲ ದೀಪಗಳೂ ಹಸಿರಾಗಿಯೇ ಇರುತ್ತವೆ. ಕಚೇರಿ ತುಂಬಿ, ಆಕ್ಸೆಸ್ ಪಾಯಿಂಟ್ ತನ್ನ ಪೂರ್ಣ ಶಕ್ತಿಯನ್ನು ಬೇಡತೊಡಗಿದಾಗ ಅದು ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಈ ದೋಷವನ್ನು ಸಾಫ್ಟ್‌ವೇರ್‌ನಲ್ಲಿ ಹುಡುಕಿ ವಾರಗಟ್ಟಲೆ ವ್ಯರ್ಥ ಮಾಡುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ತಂತಿಯ ಮೇಲ್ಮೈಯನ್ನು ಬ್ಲೇಡಿನಿಂದ ಸ್ವಲ್ಪ ಕೆರೆದು, ಒಳಗೆ ಬೆಳ್ಳಿಯ ಬಣ್ಣ ಕಾಣುತ್ತದೆಯೇ ಎಂದು ಮೊದಲೇ ನೋಡಿದ್ದರೆ ಸಾಕಿತ್ತು.

ಲೋಹ ಸರಿಯಿದ್ದ ಮೇಲೆ ಉಳಿಯುವುದು ಕೈಕೆಲಸ. ಕೇಬಲ್‌ನೊಳಗಿನ ನಾಲ್ಕು ಜೋಡಿ ತಂತಿಗಳನ್ನು ಬೇರೆ ಬೇರೆ ಬಿಗಿತದಲ್ಲಿ ಹೊಸೆದಿರುವುದು ಒಂದು ಜೋಡಿಯ ಸಂಕೇತ ಇನ್ನೊಂದಕ್ಕೆ ಸೋರದಿರಲೆಂದು. ಆದ್ದರಿಂದ ಕೇಬಲ್‌ನ ತುದಿಯನ್ನು ಜ್ಯಾಕ್‌ಗೆ ಜೋಡಿಸುವಾಗ ಈ ಹೊಸೆತವನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು, ಎಳೆಯುವಾಗ 110 ನ್ಯೂಟನ್‌ಗಿಂತ ಹೆಚ್ಚು ಬಲ ಹಾಕಬಾರದು, ಬಾಗಿನ ತ್ರಿಜ್ಯ ಕೇಬಲ್‌ನ ವ್ಯಾಸದ ನಾಲ್ಕು ಪಟ್ಟಿಗಿಂತ ಕಡಿಮೆಯಾಗಬಾರದು. ಪ್ಲಾಸ್ಟಿಕ್ ಪಟ್ಟಿಯಿಂದ ಕಂತೆಯನ್ನು ಬಿಗಿದು ಕಟ್ಟಿದರೂ ಜೋಡಿಗಳ ಆಕಾರ ಕೆಡುತ್ತದೆ. ಸಡಿಲವಾಗಿ ಸುತ್ತಬಹುದಾದ ವೆಲ್ಕ್ರೋ ಪಟ್ಟಿಯೇ ಲೇಸು.

ಯಾವ ದರ್ಜೆಯ ಕೇಬಲ್ ಹಾಕಿಸಬೇಕೆಂದು ಕೇಳುವವರಿಗೆ, ಹೊಸ ಕಟ್ಟಡವಾದರೆ ಪ್ರತಿ ಆಕ್ಸೆಸ್ ಪಾಯಿಂಟ್‌ಗೂ ಎರಡೆರಡು ಕ್ಯಾಟ್ 6ಎ ಕೇಬಲ್‌ಗಳನ್ನು ಎಳೆಸಿ ಎನ್ನುತ್ತೇನೆ. ಕ್ಯಾಟ್ 6ರಲ್ಲಿ ಸೆಕೆಂಡಿಗೆ 10 ಗಿಗಾಬಿಟ್ ವೇಗ ಹೆಚ್ಚೆಂದರೆ 55 ಮೀಟರ್‌ವರೆಗೆ ಸಿಗುತ್ತದೆ, ಕ್ಯಾಟ್ 6ಎ ಅದೇ ವೇಗವನ್ನು 100 ಮೀಟರ್ ಒಯ್ಯುತ್ತದೆ. ಆ ನೂರರಲ್ಲಿ ಗೋಡೆಯೊಳಗಿನ ಸ್ಥಿರ ಕೇಬಲ್‌ಗೆ ಸಲ್ಲುವುದು 90 ಮಾತ್ರ; ಉಳಿದ 10 ಎರಡೂ ತುದಿಗಳಲ್ಲಿ ಸಾಧನಕ್ಕೆ ಸಿಕ್ಕಿಸುವ ಗಿಡ್ಡ ಕೇಬಲ್‌ಗಳಾದ ಪ್ಯಾಚ್ ಕಾರ್ಡ್‌ಗಳಿಗೆ. ಆದರೆ ಹಳೆಯ ಕಟ್ಟಡದಲ್ಲಿ ಚೆನ್ನಾಗಿ ಜೋಡಿಸಿದ, ಇವಕ್ಕಿಂತ ಕೆಳದರ್ಜೆಯ ಕ್ಯಾಟ್ 5ಇ ಇದ್ದರೆ ಅದನ್ನು ಕಿತ್ತುಹಾಕಿಸಬೇಕಿಲ್ಲ. 2016ರ ಮಾನದಂಡವೊಂದು ಆ ಕೇಬಲ್‌ನಲ್ಲೇ 2.5 ಗಿಗಾಬಿಟ್ ಸಾಗಿಸಲು ದಾರಿ ಮಾಡಿಕೊಟ್ಟಿದೆ, ಮತ್ತು ಬಹಳಷ್ಟು ಕಚೇರಿಗಳಿಗೆ ಅಷ್ಟು ಧಾರಾಳವಾಗಿ ಸಾಕು.

ಇನ್ನು ಗಾಳಿಯಲ್ಲಿನ ಭಾಗದ ವಿಷಯ. ಆಕ್ಸೆಸ್ ಪಾಯಿಂಟ್‌ನ ಪ್ರಸಾರ ಶಕ್ತಿಯನ್ನು ಗರಿಷ್ಠಕ್ಕೆ ಏರಿಸಿದರೆ ಸಮಸ್ಯೆ ತೀರುತ್ತದೆಂಬ ನಂಬಿಕೆ ಬಲವಾಗಿದೆ. ಆದರೆ ಫೋನಿನ ಪ್ರಸಾರ ಶಕ್ತಿ ಅಷ್ಟಿರುವುದಿಲ್ಲ. ಅದಕ್ಕೆ ಆಕ್ಸೆಸ್ ಪಾಯಿಂಟ್‌ನ ಮಾತು ಕೇಳಿಸುತ್ತದೆ, ಅದರ ಉತ್ತರ ಮಾತ್ರ ಹಿಂದಿರುಗಿ ತಲುಪುವುದಿಲ್ಲ. ಮೇಲಾಗಿ ಒಂದು ಚಾನೆಲ್‌ನಲ್ಲಿ, ಅಂದರೆ ಆವರ್ತನದ ಒಂದು ಕಿರು ಭಾಗದಲ್ಲಿ, ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಸಾಧನ ಮಾತನಾಡಬೇಕಾದ್ದರಿಂದ, ಒಂದೇ ಚಾನೆಲ್‌ನ ಪ್ರಬಲ ಆಕ್ಸೆಸ್ ಪಾಯಿಂಟ್‌ಗಳು ಒಂದನ್ನೊಂದು ಕಾಯುತ್ತ ಕೂರುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳಾಗಿ ಸಾಮಾನ್ಯವಾಗಿ ಬಳಸುವುದು 1, 6 ಮತ್ತು 11 ಮಾತ್ರ. ಹಾಗಾಗಿ ಕಚೇರಿಯ ಮುಖ್ಯ ಕೆಲಸವನ್ನೆಲ್ಲ 5 ಗಿಗಾಹರ್ಟ್ಸ್ ಅಥವಾ ಅದಕ್ಕೂ ಮೇಲಿನ ಆವರ್ತನ ಪಟ್ಟಿಗೆ ಒಯ್ಯುವುದೇ ವಿವೇಕ. ಜಾಗದ ಸಮೀಕ್ಷೆಯನ್ನು ಪೀಠೋಪಕರಣ, ಸರಕು ಎಲ್ಲ ತುಂಬಿರುವಾಗಲೇ ಮಾಡಬೇಕು, ಏಕೆಂದರೆ ಖಾಲಿ ಗೋದಾಮಿನಲ್ಲಿ ಅಳೆದ ಸಂಕೇತವು ಲೋಹದ ಕಪಾಟುಗಳಲ್ಲಿ ಸರಕು ತುಂಬಿದ ಮೇಲೆ ಉಳಿಯುವುದಿಲ್ಲ.

ಕೆಲಸ ಮುಗಿದಾಗ ಪರೀಕ್ಷೆಯ ಹೆಸರಿನಲ್ಲಿ ಎಂಟು ದೀಪಗಳು ಸಾಲಾಗಿ ಬೆಳಗುವ ಪುಟ್ಟ ಉಪಕರಣವನ್ನು ತೋರಿಸಿದರೆ ಒಪ್ಪಿಕೊಳ್ಳಬೇಡಿ. ಅದು ತಂತಿ ತುಂಡಾಗಿಲ್ಲವೆಂದಷ್ಟೇ ಹೇಳುತ್ತದೆ. 3 ಮತ್ತು 6ನೆಯ ಪಿನ್‌ಗಳಿಗೆ ಒಂದೇ ಜೋಡಿಯ ಎರಡು ತಂತಿಗಳು ಹೋಗಬೇಕಾದಲ್ಲಿ ಬೇರೆ ಬೇರೆ ಜೋಡಿಯವು ಹೋಗಿದ್ದರೂ, ಎರಡೂ ತುದಿಯಲ್ಲಿ ಅದೇ ತಪ್ಪಾಗಿದ್ದರೆ ದೀಪಗಳು ಕ್ರಮವಾಗಿಯೇ ಬೆಳಗುತ್ತವೆ, ಜಾಲ ಮಾತ್ರ ಕುಂಟುತ್ತದೆ. ಸಂಕೇತದ ನಷ್ಟ, ಜೋಡಿಗಳ ನಡುವಿನ ಸೋರಿಕೆ ಮತ್ತು ಪ್ರತಿಫಲನವನ್ನು ಆವರ್ತನದುದ್ದಕ್ಕೂ ಅಳೆದು, ಆಯಾ ದರ್ಜೆಯ ಮಾನದಂಡದೊಡನೆ ಹೋಲಿಸುವ ಉಪಕರಣದಿಂದಲೇ ಪ್ರಮಾಣೀಕರಣವಾಗಬೇಕು. ಪ್ರತಿ ಕೇಬಲ್‌ನ ಎರಡೂ ತುದಿಯ ಚೀಟಿಯಲ್ಲಿರುವ ಸಂಖ್ಯೆ, ನಕ್ಷೆಯಲ್ಲಿನ ಸಂಖ್ಯೆ ಮತ್ತು ವರದಿಯಲ್ಲಿನ ಸಂಖ್ಯೆ ಒಂದೇ ಆಗಿರಬೇಕು. ಈ ವರದಿ ಮತ್ತು ನಕ್ಷೆಗಳು ಕೈಸೇರಿದ ಮೇಲೆಯೇ ಕೊನೆಯ ಕಂತು ಪಾವತಿಯಾಗುತ್ತದೆಂದು ಒಪ್ಪಂದದಲ್ಲಿ ಮೊದಲೇ ಬರೆಸಿ.