ವರದಿ ಪೂರ್ತಿ ಕನ್ನಡದಲ್ಲಿ ಕೊಡಿ, ಆಮೇಲೆ ಅಹವಾಲು ಕೇಳಿ

ಅಣೆಕಟ್ಟು, ಗಣಿ, ದೊಡ್ಡ ಕಾರ್ಖಾನೆ ಇಂಥವು ಬರುವ ಮೊದಲು ಅಲ್ಲಿನ ಜನರನ್ನು ಕೇಳಬೇಕು ಅಂತ 2006ರ ಇಐಎ (ಪರಿಸರದ ಮೇಲೆ ಆಗುವ ಪರಿಣಾಮದ ಅಧ್ಯಯನ) ಅಧಿಸೂಚನೆ ಹೇಳುತ್ತದೆ. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಹವಾಲು ಸಭೆ ನಡೆಸಬೇಕು, ಎಲ್ಲವನ್ನೂ ವಿಡಿಯೊ ಮಾಡಬೇಕು, ಜನ ಏನು ಹೇಳಿದರು ಅನ್ನುವುದನ್ನು ಏಳುವ ಮೊದಲು ಅಲ್ಲೇ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಒಳ್ಳೆಯ ನಿಯಮ. ಆದರೆ ಜನ ಮಾತಾಡಬೇಕಾದದ್ದು ಯಾವುದನ್ನು ಓದಿಕೊಂಡು?

ಆ ಅಧ್ಯಯನದ ಪೂರ್ತಿ ವರದಿ ಇರುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕೊಡಲೇಬೇಕಾದದ್ದು ಸಾರಾಂಶ ಮಾತ್ರ, ಅದೂ ಹೆಚ್ಚೆಂದರೆ 10 ಎ4 ಪುಟ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೇ ತಗೊಳ್ಳಿ. ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು 2000 ಮೆಗಾವ್ಯಾಟ್ ವಿದ್ಯುತ್, ತಲಕಳಲೆ ಜಲಾಶಯದಿಂದ ಗೇರುಸೊಪ್ಪ ಜಲಾಶಯಕ್ಕೆ ಗುಡ್ಡದೊಳಗೆ ಸುರಂಗ, ಸುತ್ತ ಸಿಂಗಳೀಕದ ಅಭಯಾರಣ್ಯ. ಸುರಂಗ ಕೊರೆದ ಮಣ್ಣು ಎಲ್ಲಿಗೆ ಹೋಗುತ್ತದೆ, ಬಂಡೆ ಒಡೆಯುವಾಗ ಮನೆಯ ಹಿಂದಿನ ಧರೆ ನಿಲ್ಲುತ್ತದಾ, ತೋಟಕ್ಕೆ ಬರುವ ಅಬ್ಬಿ ನೀರು ಬತ್ತುತ್ತದಾ? ಅಲ್ಲಿ ಬದುಕುವವರಿಗೆ ಬೇಕಾದ ಪ್ರಶ್ನೆಗಳು ಇವು. ಹತ್ತು ಪುಟದಲ್ಲಿ ಇವಕ್ಕೆಲ್ಲ ಎಲ್ಲಿ ಜಾಗ ಸಿಗುತ್ತದೆ?

ಕಾನೂನು ತಿದ್ದುವಾಗಲೂ ಇದೇ ಕಥೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ಕೇಂದ್ರ ಸರ್ಕಾರ ಈ ಅಧಿಸೂಚನೆಯ ಹೊಸ ಕರಡನ್ನು ರಾಜ್ಯಪತ್ರದಲ್ಲಿ ಹಾಕಿತು, ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ಅಹವಾಲಿಗೆ ಮುಂಚೆ ಜನರಿಗೆ ಸಿಗುತ್ತಿದ್ದ 30 ದಿನ ಅದರಲ್ಲಿ 20ಕ್ಕೆ ಇಳಿದಿತ್ತು. ಅನುಮತಿ ಇಲ್ಲದೆ ಕೆಲಸ ಶುರು ಮಾಡಿದವರಿಗೆ ಆಮೇಲೆ ಅನುಮತಿ ಕೊಡುವ ದಾರಿಯೂ ಇತ್ತು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದ ಮಾಡಿಸಿ ಅಂತ ದೆಹಲಿ ಹೈಕೋರ್ಟ್ ಜೂನ್ 30ರಂದು ಹೇಳಿತು. ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆಯಿತು. ಅಷ್ಟಾದರೂ ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಗಿ, ಕಾನೂನು ಪ್ರಕಾರ ಹಿಂದಿ, ಇಂಗ್ಲಿಷ್ ಸಾಕು ಅಂತ ವಾದಿಸಿತು! ಲಕ್ಷಗಟ್ಟಲೆ ಆಕ್ಷೇಪಣೆ ಬಂದು ಆ ಕರಡು ಕಾನೂನಾಗದೆ ನಿಂತುಹೋಯಿತು, ಸರಿ. ಆದರೆ ಆಮೇಲೆ ಅನುಮತಿ ಪಡೆಯುವ ದಾರಿ 2021ರಲ್ಲಿ ಕೇಂದ್ರದ ಪರಿಸರ ಇಲಾಖೆಯ ಒಂದು ಕಚೇರಿ ಆದೇಶದ ಮೂಲಕ ಬಂದೇಬಿಟ್ಟಿತು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ನವೆಂಬರ್‌ನಲ್ಲಿ 2:1ರ ಬಹುಮತದಿಂದ ಆ ತೀರ್ಪನ್ನೇ ಹಿಂದಕ್ಕೆ ತಗೊಂಡಿತು.

ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲೇ. ಹೊಳೆ, ಕಾಡು, ಜನರ ಜಮೀನು ಇವಕ್ಕೆಲ್ಲ ಸಂಬಂಧಪಟ್ಟ ನಿಯಮ ಇಷ್ಟು ಸಲೀಸಾಗಿ ಇಲಾಖೆಯ ಕಾಗದದಲ್ಲಿ ಬದಲಾಗಬಾರದು. ಈ ಅಧಿಸೂಚನೆಗೆ ಆಧಾರವಾದ 1986ರ ಪರಿಸರ ಸಂರಕ್ಷಣಾ ಕಾಯ್ದೆಗೇ ತಿದ್ದುಪಡಿ ಬರಲಿ, ಸಂಸತ್ತಿನಲ್ಲಿ ಚರ್ಚೆ ಆಗಲಿ, ನಮ್ಮ ಸಂಸದರು ಎದ್ದು ನಿಂತು ಮಾತಾಡಲಿ. ಅಧ್ಯಯನ ಮಾಡುವ ಸಂಸ್ಥೆಗೆ ಯೋಜನೆಯವರೇ ದುಡ್ಡು ಕೊಡುವ ಪದ್ಧತಿಯೂ ಹೋಗಬೇಕು, ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಸದ್ಯಕ್ಕೆ ನಾನು ಕೇಳುವುದು ಇಷ್ಟು: ಪೂರ್ತಿ ವರದಿ, ನಕ್ಷೆ ಅನುಬಂಧ ಎಲ್ಲ ಸೇರಿ, ಆ ರಾಜ್ಯದ ಭಾಷೆಯಲ್ಲಿ ಪಂಚಾಯಿತಿಗೆ ತಲುಪಿ 60 ದಿನ ಆಗದೆ ಅಹವಾಲು ಸಭೆ ಕರೆಯುವಂತಿಲ್ಲ ಅಂತ ಕಾಯ್ದೆಯಲ್ಲೇ ಬರೆಯಿರಿ.